ಬದನೆ ಬಣ್ಣದ ಕಾರಿನ ಸ್ಟೇರಿಂಗ್

ಮಾನಪ್ಪ ತಾಡಪತ್ರಿಯ ತುದಿ ಹಿಡಿದು ಒಂದೇ ಎಳೆತಕ್ಕೆ ಸರಕ್ಕನೆ ಎಳೆದ. ಕೊಳ್ಳಲು ಬಂದವರ ಮುಂದೆ ಕಾರಿನ ಮುಸುಕು ತೆಗೆಯುವ ಈ ಗತ್ತನ್ನು ಅವನು ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ರೂಢಿ ಮಾಡಿಕೊಂಡಿದ್ದ. ಬದನೆಕಾಯಿ ಬಣ್ಣದ ಜಪಾನ್ ಕಾರು ಮಾರ್ಚ್ ತಿಂಗಳ ಬಿಸಿಲಿಗೆ ಫಳಫಳ ಹೊಳೆಯಿತು.

ಲಿಂಗಸುಗೂರಿನ ಗ್ಯಾನಪ್ಪ ಗುತ್ತೇದಾರರು ಬಾಗಿಲು ತೆರೆದು ಒಳಗೆ ಕೂತರು. ಕೂತವರು ಖುಷಿಯಿಂದ ಎರಡೂ ಕೈ ಮುಂದೆ ಚಾಚಿದರು. ಕೈಗೆ ಗಾಳಿ ಸಿಕ್ಕಿತು.

“ಮಾನಪ್ಪಾ—”

“ಹೇಳ್ರಿ ಗುತ್ತೇದಾರ್ರ.”

“ಇದನ್ನ ಯಾವುದ್ರಿಂದ ತಿರುವಬೇಕಪಾ? ಹಲ್ಲಿಲೆ ಏನು?”

ಮಾನಪ್ಪ ಬಗ್ಗಿ ನೋಡಿದ. ಸೀಟು ಇತ್ತು. ಗೇರಿನ ಗುಂಡು ಇತ್ತು. ಮೀಟರುಗಳು ಸಾಲಾಗಿ ಇದ್ದವು. ಸ್ಟೇರಿಂಗ್ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಬೋಳು ಕಬ್ಬಿಣದ ಕಂಬಿ ಮೂತಿ ಚಾಚಿಕೊಂಡಿತ್ತು, ಅದರ ತುದಿಗೊಂದು ನಟ್ಟು.

ಅವನು ಸೀಟಿನ ಕೆಳಗೆ, ಹಿಂದೆ ಕೈಯಾಡಿಸಿ ತಡಕಿದ.

ಆ ಕಾರಿನ ಚರಿತ್ರೆ ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹತ್ತು ವರ್ಷದ ಹಿಂದೆ, ೧೯೮೨ರಲ್ಲಿ, ಆಂಧ್ರದಿಂದ ಬಂದ ರೈತರ ಕ್ಯಾಂಪಿನ ಕಡೆಯ ಒಂದು ಅಕ್ಕಿ ಗಿರಣಿಯ ಹಿಂದೆ ಅದು ಹೊಟ್ಟಿನ ಗುಡ್ಡೆಯಲ್ಲಿ ಅರ್ಧ ಹೂತು ಬಿದ್ದಿತ್ತು. ಎರಡೇ ಬಾಗಿಲಿನ, ಉದ್ದ ಮೂತಿಯ ಓಟದ ಕಾರು. ಮದರಾಸಿನಿಂದ ಆಸೆಪಟ್ಟು ತಂದ ಸಾಹುಕಾರ ಭತ್ತದ ಧೂಳು ಕುಡಿಸಿ ಎಂಜಿನ್ ಹಾಳು ಮಾಡಿ ಕೈತೊಳೆದುಕೊಂಡಿದ್ದ. ಗ್ಯಾರೇಜಿನ ಜೊತೆಗಾರರಾದ ಮಾನಪ್ಪ, ಖಾದರಬಾಷಾ ಇಬ್ಬರೂ ಅದನ್ನು ಗುಜರಿ ಲೆಕ್ಕದಲ್ಲಿ ಎಳೆದು ತಂದು ಮೂರು ವರ್ಷ ಅದರ ಮೇಲೆ ಬಿದ್ದರು.

ಜಪಾನಿನಲ್ಲಿ ಇಂಥ ಕಾರನ್ನು ನೆಲಕ್ಕೆ ತಗ್ಗಿಸುತ್ತಾರಂತೆ. ಸಿಂಧನೂರಿನಲ್ಲಿ ಇವರು ಮೂರು ಬೆರಳು ಎತ್ತರಿಸಿದರು, ಇಲ್ಲದಿದ್ದರೆ ಕಾಲುವೆ ರಸ್ತೆಯ ಗುಂಡಿಗೆ ಹೊಟ್ಟೆ ಹರಿಯುತ್ತಿತ್ತು. ಟ್ರ್ಯಾಕ್ಟರಿನ ರೇಡಿಯೇಟರ್ ಕೂರಿಸಿದರು. ಹೊಟ್ಟಿನ ಧೂಳಿಗೆಂದು ಎಣ್ಣೆಯ ಬಟ್ಟಲಿರುವ ಎರಡನೆಯ ಫಿಲ್ಟರ್ ಕಟ್ಟಿದರು. ಎರಡು ಕಾರ್ಬುರೇಟರ್‌ಗಳನ್ನು ಖಾದರಬಾಷಾ ಕಿವಿಯಿಂದಲೇ ಹೊಂದಿಸಿದ. ಬಿಸಿಲಿಗೆ ಕೈ ಸುಡುತ್ತಿದ್ದ ಸ್ಟೇರಿಂಗ್‌ಗೆ ಮಾನಪ್ಪನ ಮಾವ, ಬಳಗಾನೂರಿನ ಕುರಿಗಾರ ಮುದುಕಪ್ಪ, ಪುಂಡಿನಾರಿನ ಹುರಿ ಹೊಸೆದು ತಾನೇ ಒತ್ತೊತ್ತಾಗಿ ಸುತ್ತಿಕೊಟ್ಟ. ಸುಮ್ಮನೆ ಸುತ್ತಲಿಲ್ಲ ಆತ. ಏಳು ವರ್ಷದ ಹಿಂದೆ ಆತನ ಮಗಳು, ಅಂದರೆ ಮಾನಪ್ಪನ ಹೆಂಡತಿ ಯಮನೂರಮ್ಮ, ತವರಿನಲ್ಲಿ ಹೆರಿಗೆ ನೋವಿಗೆ ಸಿಕ್ಕಿ ಒದ್ದಾಡುವಾಗ ಮಳೆಗೆ ಬಸ್ಸುಗಳು ನಿಂತಿದ್ದವು. ಈ ಕಾರು ಅವಳನ್ನು ರಾಯಚೂರಿನ ಆಸ್ಪತ್ರೆಗೆ ಮುಟ್ಟಿಸಿತ್ತು. ಇನ್ನರ್ಧ ತಾಸು ತಡವಾಗಿದ್ದರೆ ತಾಯಿ ಮಗು ಇಬ್ಬರೂ ದಕ್ಕುತ್ತಿರಲಿಲ್ಲ ಎಂದಿದ್ದರು ಡಾಕ್ಟರಮ್ಮ. ಮುದುಕ ಅಂದು ಕಾರಿನ ಮೂತಿ ಸವರಿ ಅತ್ತಿದ್ದ.

ಅಂಥ ಕಾರು ಇಂದು ಮಾರಾಟಕ್ಕೆ ನಿಂತಿದ್ದು ಖಾದರಬಾಷಾನ ಕಣ್ಣಿಗಾಗಿ. ಐದು ತಿಂಗಳ ಹಿಂದೆ ಕಬ್ಬಿಣ ಮಸೆಯುವಾಗ ಒಂದು ಚೂರು ಸಿಡಿದು ಅವನ ಎಡಗಣ್ಣಿಗೆ ನಾಟಿತ್ತು. ಚೂರು ತೆಗೆಸಿದರೂ ಕಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿತು. ಹೈದರಾಬಾದಿನ ಡಾಕ್ಟರು ಈ ತಿಂಗಳೊಳಗೆ ಆಪರೇಷನ್ ಆಗಲೇಬೇಕು, ಆಮೇಲೆ ದೇವರೇ ಬಂದರೂ ಬೆಳಕು ಬರುವುದಿಲ್ಲ ಎಂದಿದ್ದರು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಈ ನಾಲ್ಕು ತಿಂಗಳಲ್ಲಿ ಬಂದ ಗಿರಾಕಿಯೂ ಗ್ಯಾನಪ್ಪ ಗುತ್ತೇದಾರರು ಒಬ್ಬರೇ.

“ನಾ ಮಧ್ಯಾಹ್ನ ಎರಡಕ್ಕ ರಾಯಚೂರಾಗ ಇರಬೇಕು,” ಎಂದರು ಗುತ್ತೇದಾರರು, ಕಾರಿನಿಂದ ಇಳಿಯುತ್ತ. “ಸ್ಟೇರಿಂಗ್ ದೊಡ್ಡ ಮಾತಲ್ಲ. ಆದ್ರ ಮುಚ್ಚಿಟ್ಟ ಗಾಡ್ಯಾಗಿಂದ ಅದನ್ನ ಬಿಚ್ಚಿದಾವ ಒಳಗ ಇನ್ನೇನೇನು ಬಿಚ್ಯಾನೋ? ಮನಿ ಕಳ್ಳ ಇರೋ ಗ್ಯಾರೇಜಿನ ಗಾಡಿ ನನಗ ಬ್ಯಾಡ. ಹನ್ನೆರಡರ ಮಟ ಕಾಯ್ತೀನಿ. ಯಾರು ಅಂತ ಗೊತ್ತಾದ್ರ ವ್ಯವಹಾರ. ಇಲ್ಲಂದ್ರ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ.”

ಆಗ ಗುತ್ತೇದಾರರ ಜೀಪಿನಿಂದ ಮೂರನೆಯವರು ನಿಧಾನಕ್ಕೆ ಇಳಿದರು. ಮಸ್ಕಿಯ ಗೌಸ್‌ಸಾಬ್. ಮೂವತ್ತೆರಡು ವರ್ಷ ಪೊಲೀಸ್ ದಫೇದಾರರಾಗಿದ್ದು ನಿವೃತ್ತರಾದವರು. ಅಷ್ಟೂ ವರ್ಷ ಅವರು ಬೆನ್ನು ಹತ್ತಿದ್ದು ದನಗಳ್ಳರನ್ನು ಮಾತ್ರ. ಮಾರಾಟಕ್ಕೆ ಹಿರಿಯರೊಬ್ಬರು ಸಾಕ್ಷಿಗಿರಲಿ ಎಂದು ಲಿಂಗಸುಗೂರಿನಿಂದ ಬರುವಾಗ ಮಾನಪ್ಪ ಅವರನ್ನು ಮಸ್ಕಿಯಲ್ಲಿ ಹತ್ತಿಸಿಕೊಂಡಿದ್ದ.

“ನನಗ ಕಾರಿಂದು ಏನೂ ತಿಳಿಯಲ್ಲಪಾ,” ಎಂದರು ಗೌಸ್‌ಸಾಬ್. “ಕ್ಲಚ್ಚು ಅಂದ್ರ ಕಾಲಿಗೋ ಕೈಗೋ ಅದೂ ಗೊತ್ತಿಲ್ಲ. ಆದ್ರ ಎರಡು ಮಾತು ಕೇಳ್ಲೇನು?”

“ಕೇಳ್ರಿ ದಫೇದಾರ್ರ, ನಿಮ್ಮ ಕಾಲು ಬೀಳ್ತೀನಿ.”

“ಕಾಲು ಬ್ಯಾಡ, ಚಾ ತರಿಸು. ನೀ ಊರು ಬಿಟ್ಟಿದ್ದು ಯಾವಾಗ?”

“ನಿನ್ನೆ ಸಂಜಿಗೆ. ಮಾರಾಟದ ಕಾಗದಕ್ಕ ಗುತ್ತೇದಾರ್ರ ಸಹಿ ತಗೊಂಡು, ಇವತ್ತು ಸಂಜಿ ನಾಕಕ್ಕ ಇವರನ್ನ ಕರಕೊಂಡು ಬರ್ತೀನಿ ಅಂತ ಹೇಳಿ ಹೋಗಿದ್ನಿ. ಇವರು ರಾಯಚೂರಿಗೆ ಹೋಗೋದೈತಿ, ಈಗಲೇ ನಡಿ ಅಂದ್ರು. ಬಂದುಬಿಟ್ವಿ.”

“ಹೋಗುವಾಗ ಸ್ಟೇರಿಂಗ್ ಇತ್ತು?”

“ಇತ್ರಿ! ನಾನ ಕೈಯಾರೆ ಒರೆಸಿ, ತಾಡಪತ್ರಿ ಹೊದಿಸಿ ಹೋಗೀನಿ.”

ಅಷ್ಟರಲ್ಲಿ ರಿಪೇರಿಗೆ ನಿಂತಿದ್ದ ಟ್ರ್ಯಾಕ್ಟರಿನ ಕೆಳಗಿನಿಂದ ಖಾದರಬಾಷಾ ಹೊರಬಂದ. ಎಡಗಣ್ಣಿಗೆ ಹಸಿರು ಬಟ್ಟೆಯ ಪಟ್ಟಿ, ಮೈತುಂಬ ಎಣ್ಣೆ. ಬೋಳು ಕಂಬಿ ನೋಡಿ ಅಲ್ಲೇ ನಿಂತ.

“ನೀ ಎಷ್ಟಕ್ಕ ಬಂದಿ?” ಗೌಸ್‌ಸಾಬ್ ಕೇಳಿದರು.

“ಎಂಟಕ್ಕರಿ.”

“ಗೇಟು?”

“ಕೀಲಿ ಹಾಕಿತ್ತು. ನಾನ ತಗದೀನಿ.”

“ಕೀಲಿಕೈ ಯಾರ್ಯಾರ ಹತ್ರ ಅದಾವ?”

“ನನ್ನ ಹತ್ರ ಒಂದು. ಮಾನ್ಯಾನ ಮನ್ಯಾಗ ಒಂದು.”

“ತಾಡಪತ್ರಿ ಎತ್ತಿ ನೋಡಿದ್ಯಾ?”

“ಇಲ್ಲ.” ಖಾದರಬಾಷಾ ತಲೆ ತಗ್ಗಿಸಿದ. “ನೋಡಾಕ ಮನಸ್ಸಾಗಲಿಲ್ಲ. ಹೋಗೋ ಗಾಡಿ. ಏನು ನೋಡಾದು?”

ಗುತ್ತೇದಾರರು ಗಂಟಲು ಸರಿಮಾಡಿಕೊಂಡರು. “ದಫೇದಾರ್ರ, ಒಂದು ಮಾತು. ಮೊನ್ನಿ ನಮ್ಮ ಡ್ರೈವರ್ ಇಲ್ಲಿಗೆ ಗಾಡಿ ನೋಡಾಕ ಬಂದಿದ್ದ. ಈ ಮನಿಶ್ಯಾ ಚಾದ ಅಂಗಡಿ ಮುಂದ ನಿಂತು, ಈ ಗಾಡಿ ಹೆಂಗ ಹೋಗ್ತದ ನಾನೂ ನೋಡ್ತೀನಿ ಅಂತ ಕೂಗಾಡಿದ್ನಂತ. ಹೌದೋ ಅಲ್ಲೋ ಕೇಳ್ರಿ.”

ಎಲ್ಲರ ಕಣ್ಣೂ ಖಾದರಬಾಷಾನ ಕಡೆ ತಿರುಗಿದವು.

“ಹೌದು, ಅಂದೀನಿ,” ಎಂದ ಖಾದರಬಾಷಾ. “ನನ್ನ ಒಂದು ಕಣ್ಣಿಗೋಸ್ಕರ ಹತ್ತು ವರ್ಷದ ಗಾಡಿ ಮಾರ್ತೀನಿ ಅಂತಾನ ಈ ಹುಚ್ಚ. ನನಗ ಇನ್ನೊಂದು ಕಣ್ಣು ಐತಿ, ಸಾಕು. ಬ್ಯಾಡ ಅಂದೀನಿ. ಕೂಗ್ಯಾಡೀನಿ. ಅತ್ತೀನಿ ಕೂಡ. ಅದನ್ನೂ ನಿಮ್ಮ ಡ್ರೈವರ್ ಹೇಳಿದ್ನೋ ಇಲ್ಲೋ?”

ಇಲ್ಲಿ ಮಾನಪ್ಪ ಒಂದು ತಪ್ಪು ಮಾಡಿದ. ಜೀವಮಾನದಲ್ಲಿ ಒಂದೇ ಸಲ ಆಡುವಂಥ, ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರೂ ವಾಪಸು ಬರದಂಥ ಮಾತು ಅದು.

“ಖಾದರ... ನೀ ಏನರ ತಗದಿಟ್ಟೀಯೇನ್ಲೇ?”

ಖಾದರಬಾಷಾ ಒಂದೇ ಕಣ್ಣಿನಿಂದ ಗೆಳೆಯನನ್ನು ನೋಡಿದ. ಕೈ ಒರೆಸಿಕೊಂಡ. ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆ ಎಳೆದು ತನ್ನ ಸುತ್ತಿಗೆ, ತನ್ನ ಇಕ್ಕಳ ಒಂದೊಂದಾಗಿ ಅದರಲ್ಲಿ ಹಾಕತೊಡಗಿದ. ಆ ಸದ್ದು ಮಾನಪ್ಪನ ಎದೆಗೇ ಬಡಿಯುತ್ತಿತ್ತು.

“ಪೆಟಗಿ ಕಟ್ಟೋದು ಆಮ್ಯಾಲೆ ಆದೀತು,” ಎಂದರು ಗೌಸ್‌ಸಾಬ್. “ಯಾರೂ ಗೇಟು ದಾಟಬ್ಯಾಡ್ರಿ.”

ಮಾನಪ್ಪ ಅವರು ಕಾರನ್ನು ತಪಾಸಣೆ ಮಾಡುತ್ತಾರೆ ಎಂದುಕೊಂಡ. ಅವರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತ ಅಂಗಳವೆಲ್ಲ ಸುತ್ತಿದರು.

“ಏನು ಹುಡುಕಾಕತ್ತೀರಿ?” ಗುತ್ತೇದಾರರಿಗೆ ಬೇಸರ ಬಂದಿತ್ತು.

“ದನ ಕದ್ದಾವನ ಗುರುತು ದನದ ಮ್ಯಾಲೆ ಇರಲ್ರಿ. ನೆಲದ ಮ್ಯಾಲೆ ಇರ್ತದ.”

ಕಾರಿನ ಮೂತಿಯ ಮುಂದೆ ಅವರು ಮೊಣಕಾಲೂರಿ ಕೂತರು. ಅಲ್ಲಿ ಒಂದು ಹಿಡಿ ಹಸಿ ಹುಲ್ಲು ಬಿದ್ದಿತ್ತು. ಮುಂದಿನ ಎರಡೂ ಚಕ್ರಗಳ ಬುಡದಲ್ಲಿ ಮಣ್ಣು ಇನ್ನೂ ತೇವವಾಗಿತ್ತು.

“ಯಾವುದೋ ಆಡು ಬಿಟ್ಟು ಹೋಗ್ಯಾದ,” ಎಂದರು ಗುತ್ತೇದಾರರು.

“ಹೂಂ,” ಎಂದರು ಗೌಸ್‌ಸಾಬ್. ಒಂದು ಎಸಳು ಹುಲ್ಲು ಎತ್ತಿ ಮೂಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಕಾರಿನೊಳಗೆ ತಲೆ ಹಾಕಿ, ಬೋಳು ಕಂಬಿಯನ್ನು ಕನ್ನಡಕ ಏರಿಸಿ ನೋಡಿದರು.

“ಮಾನಪ್ಪ, ಈ ನಟ್ಟು ಯಾಕ ಇಲ್ಲೇ ಐತಿ?”

“ಸ್ಟೇರಿಂಗ್ ಬಿಗಿಯೋ ನಟ್ಟರಿ ಅದು.”

“ಅದು ಗೊತ್ತಾತು. ಸ್ಟೇರಿಂಗ್ ತಗೀಬೇಕಾದ್ರ ಇದನ್ನ ಬಿಚ್ಚಬೇಕು, ಅಲ್ಲ?”

“ಹೌದ್ರಿ.”

“ತಗದ ಮ್ಯಾಲೆ ಮತ್ತ ಹಾಕ್ಯಾರ?”

ಮಾನಪ್ಪ ಮತ್ತೆ ಬಗ್ಗಿ ನೋಡಿದ. ನಟ್ಟು ಕಂಬಿಗೆ ನಾಲ್ಕು ಸುತ್ತು ತಿರುಗಿಸಿ ಕೂರಿಸಿತ್ತು.

“ಇದು ಎಂಥದಪಾ, ಕೆಂಪಗ?” ಕಂಬಿಯ ತಲೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೀಟು.

“ಕುಂಕುಮರಿ. ಶುಕ್ರವಾರ ಪೂಜಿ ಮಾಡ್ತೀವಿ, ಹತ್ತಿರಬೇಕು.”

“ಸ್ಟೇರಿಂಗಿನ ಹೊಟ್ಟಿ ಒಳಗ ಪೂಜಿ ಮಾಡ್ತೀರೇನು?”

ಗೌಸ್‌ಸಾಬ್ ಹೊರಬಂದು ಗೋಡೆಯ ಹಲಗೆಯ ಮುಂದೆ ನಿಂತರು. ನಟ್ಟು ಬಿಚ್ಚುವ ಪಾನಾಗಳನ್ನು ತೂಗುಹಾಕಲು ಸಾಲು ಮೊಳೆ ಹೊಡೆದಿದ್ದ ಹಲಗೆ ಅದು. ಮುಕ್ಕಾಲು ಮೊಳೆ ಖಾಲಿ. ಪಾನಾಗಳೆಲ್ಲ ಟ್ರ್ಯಾಕ್ಟರಿನ ಸುತ್ತ, ಬಕೆಟ್ಟಿನಲ್ಲಿ, ಕಲ್ಲಿನ ಮೇಲೆ, ಎಲ್ಲೆಂದರಲ್ಲಿ ಬಿದ್ದಿದ್ದವು.

“ಆ ನಟ್ಟಿಗೆ ಯಾವ ಪಾನಾ ಬೇಕು?”

“ಹತ್ತೊಂಬತ್ತರದು.”

“ತೋರ್ಸು.”

ಮಾನಪ್ಪ ಕೈಮಾಡಿದ. ಹತ್ತೊಂಬತ್ತರ ಪಾನಾ ತನ್ನ ಮೊಳೆಯ ಮೇಲೆ ತೂಗುತ್ತಿತ್ತು. ಗೌಸ್‌ಸಾಬ್ ಅದನ್ನು ತೆಗೆದು ಬೆರಳು ಉಜ್ಜಿದರು. ಬೆರಳಿಗೆ ಎಣ್ಣೆಯ ಗುರುತೂ ಹತ್ತಲಿಲ್ಲ.

“ಖಾದರಬಾಷಾ, ನೀ ಕೆಲಸ ಆದ ಮ್ಯಾಲೆ ಪಾನಾ ಒರೆಸಿ ಮೊಳಿಗೆ ಹಾಕ್ತೀಯೇನು?”

ಖಾದರಬಾಷಾ ಪೆಟ್ಟಿಗೆಯಿಂದ ತಲೆ ಎತ್ತದೆ ಹೇಳಿದ: “ಹದಿನಾಕು ವರ್ಷದಾಗ ಒಂದು ಸಲಾನೂ ಹಾಕಿಲ್ರಿ. ಮಾನ್ಯಾನೂ ಹಾಕಿಲ್ಲ. ನಮ್ಮ ಯಮನೂರವ್ವ ಬೈಕೊಂತ ಆರಿಸಿ ಹಾಕ್ತಾಳ.”

“ಆಕಿ ಎಲ್ಲಿ?”

ಮಾನಪ್ಪನಿಗೂ ಆಗಲೇ ಹೊಳೆದದ್ದು, ಇಷ್ಟು ಗದ್ದಲವಾದರೂ ಹೆಂಡತಿ ಹೊರಗೆ ಬಂದಿಲ್ಲ. ಗ್ಯಾರೇಜಿನ ಹಿಂದೆಯೇ ಮನೆ. ಓಡಿ ಹೋಗಿ ನೋಡಿದ. ಬಾಗಿಲಿಗೆ ಕೀಲಿ. ಮಗಳು ಶಾಲೆಗೆ ಹೋಗಿದ್ದಳು. ಪಕ್ಕದ ಮನೆಯಿಂದ ಖಾದರಬಾಷಾನ ಹೆಂಡತಿ ಜುಬೇದಾಬೀ ಬಂದಳು, ಕೈಯಲ್ಲಿ ಎಲ್ಲರಿಗೂ ಚಹಾ. ಗಂಡ ಪೆಟ್ಟಿಗೆ ಕಟ್ಟುವುದನ್ನು ನೋಡಿ ಅವಳ ಮುಖ ಸಣ್ಣದಾಯಿತು.

“ಯಮನೂರವ್ವ ಬೆಳಿಗ್ಗೆ ಆರರ ಬಸ್ಸಿಗೆ ಬಳಗಾನೂರಿಗೆ ಹೋಗ್ಯಾಳ್ರಿ,” ಎಂದಳು. “ಹುಡುಗೀನ ಸಾಲಿಗೆ ಕಳಿಸು ಜುಬೇದಾ, ಮಧ್ಯಾಹ್ನದೊಳಗ ಬರ್ತೀನಿ ಅಂದ್ಲು.”

“ತವರಿಗಾ? ಯಾಕ?” ಮಾನಪ್ಪ ಗಾಬರಿಯಾದ. “ಮಾವಗ ಏನರ ಆತೇನು?”

“ಹಂಗೇನೂ ಅನ್ನಲಿಲ್ಲಣ್ಣ. ನಗ್ತಾನ ಹೋದ್ಲು.”

“ಕೈಯಾಗ ಏನಿತ್ತವ್ವ?” ಗೌಸ್‌ಸಾಬ್ ಕೇಳಿದರು.

“ಒಂದು ಚೀಲ ಇತ್ರಿ. ಒಳಗ ಹಿಟ್ಟು ಸೋಸೋ ಸಾಣಿಗಿ ಇತ್ತು ಅಂತ ಕಾಣ್ತದ. ದುಂಡಗ ಕಾಣ್ತಿತ್ತು. ತವರಾಗ ಸಾಣಿಗಿ ಹರದಿರಬೇಕು ಅಂದ್ಕೊಂಡೆ.”

ಗೌಸ್‌ಸಾಬ್ ಚಹಾ ಬಸಿಗೆ ಸುರಿದುಕೊಂಡು ಸೊರ್ರೆಂದು ಎಳೆದರು. ಅವರ ಮೀಸೆ ನಗತೊಡಗಿತು. ಮಾನಪ್ಪನಿಗೆ ಆ ನಗುವಿನ ತಲೆಬುಡ ಗೊತ್ತಾಗಲಿಲ್ಲ.

“ಬಳಗಾನೂರಿಂದ ಬರೋ ಬಸ್ಸು ಎಷ್ಟಕ್ಕ?”

“ಹನ್ನೊಂದೂವರಿಗ್ರಿ.”

“ಹಂಗಾದ್ರ ಕುಂದರ್ರಿ ಗುತ್ತೇದಾರ್ರ. ನಿಮ್ಮ ಕಳ್ಳರು ಹನ್ನೊಂದೂವರಿಗೆ ಬಸ್ಸಿನ್ಯಾಗ ಬರ್ತಾರ, ಮಾಲು ಸಮೇತ.”

ಗುತ್ತೇದಾರರ ಬಾಯಿಯ ಚಹಾ ಬಾಯಲ್ಲೇ ಉಳಿಯಿತು. “ಯಾರ್ರೀ?”

“ಈ ಮನೀ ಗೃಹಿಣಿ. ಯಮನೂರಮ್ಮ.”

“ಹುಚ್ಚೇನ್ರಿ ನಿಮಗ!” ಮಾನಪ್ಪ ಎದ್ದು ನಿಂತ. ಸಿಟ್ಟು, ನಾಚಿಕೆ, ಭಯ ಮೂರೂ ಒಮ್ಮೆಗೇ ಬಂದವು. “ಹೆಣ್ಮಗಳು ಸ್ಟೇರಿಂಗ್ ಕದೀತಾಳೇನ್ರಿ? ಅದೂ ತನ್ನ ಮನ್ಯಾಗಿಂದ? ಖಾದರನ ಕಣ್ಣು ಅಂದ್ರ ಆಕಿ ನನಗಿಂತ ಹೆಚ್ಚು ಕಣ್ಣೀರು ಹಾಕ್ಯಾಳ. ಮಾರು ಅಂತ ಮೊದಲು ಅಂದಾಕೀನ ಆಕಿ!”

“ಕುಂದ್ರು. ಕದ್ದಾಳ ಅಂತ ನಾ ಎಲ್ಲಿ ಅಂದೆ? ತಗೊಂಡು ಹೋಗ್ಯಾಳ ಅಂದೆ.” ಗೌಸ್‌ಸಾಬ್ ಬಸಿ ಕೆಳಗಿಟ್ಟರು. “ಕೇಳು. ಕಳ್ಳ ಆಗಿದ್ರ ನಟ್ಟು ಬಿಚ್ಚಿ ಒಗದು ಹೋಗ್ತಿದ್ದ. ಇಲ್ಲಿ ನಟ್ಟು ಮತ್ತ ಹಾಕಿಟ್ಟಾರ. ಯಾಕ? ಕಳೀಬಾರದು. ತಿರುಗಿ ಬಂದು ಬಿಗಿಯೋದೈತಿ. ಆ ಕೆಂಪು ಗೀಟು ಯಾಕ? ನೀವಿಬ್ಬರೂ ಏನರ ಬಿಚ್ಚೋಕಿಂತ ಮೊದಲು ಏನು ಮಾಡ್ತೀರಿ?”

ಉತ್ತರ ಮೂಲೆಯಿಂದ ಬಂತು. “ಪಂಚ್ ಹೊಡೆದು ಗುರುತು ಮಾಡ್ತೀವಿ,” ಎಂದ ಖಾದರಬಾಷಾ. ಅವನ ಕೈ ಪೆಟ್ಟಿಗೆಯ ಮೇಲೆ ನಿಂತಿತ್ತು. “ತಿರುಗಿ ಹಾಕುವಾಗ ಸೊಟ್ಟ ಆಗಬಾರದು ಅಂತ.”

“ಹೌದಾ? ಪಂಚ್ ಹೊಡದ್ರ ಸಪ್ಪಳ ಆಗ್ತದ, ಮಗಳು ಏಳ್ತಾಳ. ಆಕಿ ಬೆರಳಿಗೆ ಸಿಕ್ಕಿದ್ದು ಕುಂಕುಮ. ಗೀಟು ಎಳದಾಳ. ಹದಿನಾಕು ವರ್ಷ ನಿಮಗ ಪಾನಾ ಎತ್ತಿ ಕೊಟ್ಟು ಕೊಟ್ಟು ಆಕಿ ಅರ್ಧ ಮೇಸ್ತ್ರಿ ಆಗ್ಯಾಳಲೇ, ನೀವು ನೋಡೇ ಇಲ್ಲ. ಕೆಲಸ ಮುಗಿಸಿ, ಪಾನಾ ಒರೆಸಿ ಮೊಳಿಗೆ ಹಾಕಿ ಹೋಗ್ಯಾಳ. ಯಾವ ಕಳ್ಳ ಪಾನಾ ಒರೆಸ್ತಾನ ಹೇಳ್ರಿ?”

“ಅದೆಲ್ಲ ಸರಿ,” ಎಂದರು ಗುತ್ತೇದಾರರು. “ಆದ್ರ ಯಾಕ?”

ಗೌಸ್‌ಸಾಬ್ ಜೇಬಿನಿಂದ ಹುಲ್ಲಿನ ಎಸಳು ತೆಗೆದು ಅಂಗೈ ಮೇಲಿಟ್ಟುಕೊಂಡರು.

“ಇದು ನೀವು ಕಂಡೂ ಬಿಟ್ಟಿದ್ದು. ಆಡು ಬಿಟ್ಟು ಹೋಗ್ಯಾದ ಅಂದ್ರಿ. ಹಸಿ ಹುಲ್ಲು ಬಿಟ್ಟು ಹೋಗೋ ಆಡು ನಾ ಮೂವತ್ತೆರಡು ವರ್ಷದಾಗ ಕಂಡಿಲ್ಲ. ಹುಲ್ಲು ಬಿದ್ದಿದ್ದು ಎಲ್ಲಿ? ಸರಿಯಾಗಿ ಗಾಡಿ ಮೂತಿ ಮುಂದ. ನೀರು ಹಾಕಿದ್ದು ಎಲ್ಲಿ? ಮುಂದಿನ ಎರಡು ಕಾಲಿಗೆ. ಗುತ್ತೇದಾರ್ರ, ನಿಮ್ಮ ಹಿರೇರು ಎತ್ತು ಮಾರಿದಾಗ ಹೆಂಗ ಕಳಿಸ್ತಿದ್ರು?”

ಗುತ್ತೇದಾರರ ಮುಖ ಬದಲಾಯಿತು. “ಕಾಲಿಗೆ ನೀರು ಹಾಕಿ,” ಎಂದರು ಮೆಲ್ಲಗೆ. “ಬಾಯಿಗೆ ಒಂದು ಹಿಡಿ ಮೇವು ಕೊಟ್ಟು.”

“ಹಗ್ಗ?”

“ಹಗ್ಗ ಕೊಡ್ತಿದ್ದಿಲ್ರಿ. ಎತ್ತು ಮಾರಿದ್ರೂ ಹಗ್ಗ ಮಾರಬಾರದು. ಹಗ್ಗ ಹೋದ್ರ ಕೊಟ್ಟಿಗ್ಯಾನ ಲಕ್ಷ್ಮೀನೂ ಹೋಗ್ತಾಳ. ತಗೊಳ್ಳಾವ ಹೊಸಾ ಹಗ್ಗ ತರಬೇಕು.”

“ಅಷ್ಟ. ನಾ ಕದ್ದ ದನ ಹಿಡಿಯೋದೂ ಅದರ ಮ್ಯಾಲೇ ಆಗಿತ್ತು. ಸಂತ್ಯಾಗ ಹಳೇ ಹಗ್ಗದ ಸಮೇತ ಎತ್ತು ಮಾರಾಕ ನಿಂತಾವ ಅಂದ್ರ ಅವ ಮಾಲಕ ಅಲ್ಲ, ಕಳ್ಳ. ಮಾಲಕ ಹಗ್ಗ ಬಿಟ್ಟು ಕೊಡಾಂಗಿಲ್ಲ.” ಅವರು ಬೋಳು ಕಂಬಿಯ ಕಡೆ ಬೆರಳು ತೋರಿಸಿದರು. “ಈಗ ಹೇಳ್ರಿ, ಈ ಗಾಡಿಗೆ ಹಗ್ಗ ಎಲ್ಲಿತ್ತು?”

ಮಾನಪ್ಪ ಅಲ್ಲೇ ಕಲ್ಲಿನ ಮೇಲೆ ಕೂತ. ಪುಂಡಿನಾರಿನ ಹುರಿ. ಮಾವ ಮುದುಕಪ್ಪ ಸುತ್ತಿಕೊಟ್ಟ ಹುರಿ. ಏಳು ವರ್ಷ ತಾನು ದಿನಾ ಕೈಯಲ್ಲಿ ಹಿಡಿದ ಹಗ್ಗ. ಅದು ಹಗ್ಗ ಎಂದು ತನಗೆ ಒಂದು ದಿನವೂ ಅನಿಸಿರಲಿಲ್ಲ.

ಹನ್ನೊಂದೂವರೆಯ ಬಸ್ಸು ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಬಂತು. ಗುತ್ತೇದಾರರು ಏಳು ಸಲ ಗಡಿಯಾರ ನೋಡಿದ್ದರು. ಯಮನೂರಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಕಂಕುಳಲ್ಲಿ ಚೀಲ ಇಟ್ಟುಕೊಂಡು ಗೇಟಿನೊಳಗೆ ಬಂದಳು. ಜೀಪು ಕಂಡಳು, ಜನ ಕಂಡಳು, ಮುಸುಕು ತೆಗೆದ ಕಾರು ಕಂಡಳು.

“ಅಯ್ಯ ಶಿವನ! ಸಂಜಿಗೆ ಬರ್ತೀವಿ ಅಂದಿದ್ರಲ್ರೀ?”

ಅವಳು ಚೀಲದಿಂದ ಸ್ಟೇರಿಂಗ್ ಹೊರತೆಗೆದಳು. ಹುರಿ ಬಿಚ್ಚಿದ ಚಕ್ರ ಬೋಳಾಗಿ ಹೊಳೆಯುತ್ತಿತ್ತು. ಅದರ ಹಿಂದೆ ಎಣ್ಣೆ, ಬೆವರು ಕುಡಿದು ಕಪ್ಪಾಗಿದ್ದ ಹುರಿಯ ಸುರುಳಿಯೂ ಬಂತು.

“ಇಲ್ಲೇ ಬಿಚ್ಚೋಣ ಅಂತ ಕುಂತಿದ್ನಿ,” ಎಂದಳು, ಗಂಡನ ಮುಖವನ್ನೂ ಉಳಿದವರ ಮುಖವನ್ನೂ ನೋಡುತ್ತ. “ಅಪ್ಪನ ಗಂಟು, ನನ್ನ ಕೈಲೆ ಬಿಚ್ಚವಲ್ದು. ಕೊಯ್ಯಾಕ ಜೀವ ಬರಲಿಲ್ಲ. ನಮ್ಮ ಜೀವ ಉಳಿಸಿದ ದನದ ಹಗ್ಗ ಕೊಯ್ತಾರೇನ್ರಿ? ಅದಕ್ಕ ಅಪ್ಪನ ಹತ್ರನೇ ಒಯ್ದೆ. ಅವಂದೂ ಕೈ ನಡುಗ್ತಾವ ಈಗ. ಒಂದೊಂದು ಗಂಟಿಗೂ ಒಂದೊಂದು ಕಥಿ ಹೇಳ್ಕೊಂತ ಬಿಚ್ಚಿದ. ತಡ ಆತು. ನಾಕಕ್ಕ ಬರ್ತೀರಿ ಅಂತ, ಅಷ್ಟರೊಳಗ ಹಚ್ಚಿಡ್ತೀನಿ ಅಂತ... ಏನಾತ್ರಿ? ಖಾದರಣ್ಣ, ನೀ ಯಾಕ ಪೆಟಗಿ ಕಟ್ಟೀದಿ?”

ಖಾದರಬಾಷಾ ಹೇಳಲಿಲ್ಲ. ಹೇಳಿದ್ದರೆ ಮಾನಪ್ಪ ನೆಲದೊಳಗೆ ಹೋಗುತ್ತಿದ್ದ. ಆ ಒಂದು ಮೌನಕ್ಕೆ ಮಾನಪ್ಪ ಆಮೇಲೆ ಎಷ್ಟೋ ವರ್ಷ ಅವನಿಗೆ ಋಣಿಯಾಗಿದ್ದ.

ಮಾನಪ್ಪ ಎದ್ದು ಹೋಗಿ ತಗಡಿನ ಪೆಟ್ಟಿಗೆಯ ಮುಂದೆ ಕೂತ. “ನನ್ನ ಬಾಯಿ ಸುಡ್ಲಿ ಖಾದರ,” ಎಂದ. “ನಿನ್ನ ಕಣ್ಣಿಗೆ ಪೊರಿ ಬಂದೈತಿ ಅಂತ ಗಾಡಿ ಮಾರಾಕ ಹೊಂಟೆ. ಪೊರಿ ಬಂದಿದ್ದು ನನ್ನ ಕಣ್ಣಿಗೆ.”

ಖಾದರಬಾಷಾ ಪೆಟ್ಟಿಗೆಯನ್ನು ಮತ್ತೆ ಮೂಲೆಗೆ ತಳ್ಳಿದ. ಆಮೇಲೆ ಕೈ ಚಾಚಿದ.

“ಹತ್ತೊಂಬತ್ತರ ಪಾನಾ ಕೊಡು.”

ಮಾನಪ್ಪ ಓಡಿ ತಂದುಕೊಟ್ಟ. ಯಮನೂರಮ್ಮ ಸ್ಟೇರಿಂಗ್ ಹಿಡಿದು ಕುಂಕುಮದ ಗೀಟಿಗೆ ಗೀಟು ಕೂಡಿಸಿದಳು. ಖಾದರಬಾಷಾ ಬಿಗಿದ. ಚಕ್ರ ಒಂದು ಎಳೆಯಷ್ಟೂ ಸೊಟ್ಟ ಆಗಲಿಲ್ಲ. ಗುತ್ತೇದಾರರು ಅದನ್ನು ನೋಡುತ್ತ ನಿಂತಿದ್ದರು.

“ಹೊಸಾ ಹಗ್ಗ ತಂದೀರೇನ್ರಿ?” ಎಂದು ಯಮನೂರಮ್ಮ ಅವರನ್ನು ಕೇಳಿದಳು. ತಮಾಷೆಗೆ ಕೇಳಿರಲಿಲ್ಲ.

ಗುತ್ತೇದಾರರು ಜೇಬು ಮುಟ್ಟಿಕೊಂಡರು. ಹತ್ತು ಲಾರಿ, ಎರಡು ಕ್ರಷರ್ ಇದ್ದ ಮನುಷ್ಯನ ಬಳಿ ಒಂದು ಮೊಳ ಹಗ್ಗ ಇರಲಿಲ್ಲ. ಹೆಗಲ ಮೇಲಿನ ಬಿಳಿ ಟವೆಲ್ ತೆಗೆದರು. ಕಾರಿನಲ್ಲಿ ಕೂತು ಅದನ್ನು ಸ್ಟೇರಿಂಗ್‌ಗೆ ಸುತ್ತಿ ಗಂಟು ಹಾಕಿದರು.

“ನಡೀತದೇನವ್ವ?”

“ನಡೀತದ್ರಿ. ಬಿಸಲಾಗ ನಿಲ್ಲಿಸಬ್ಯಾಡ್ರಿ ಅಷ್ಟ. ಹೊಟ್ಟಿನ ಧೂಳಿದ್ದಲ್ಲಿ ಹೋದ್ರ ಬಟ್ಟಲ ಎಣ್ಣಿ ಬದಲಿ ಮಾಡ್ರಿ.”

“ನಮ್ಮವ್ವ ಎಮ್ಮಿ ಕೊಟ್ಟಾಗೂ ಹಿಂಗ ಹೇಳ್ತಿದ್ಲು,” ಎಂದರು ಗುತ್ತೇದಾರರು. ಒಳಗೆ ಏನೇನು ಬಿಚ್ಯಾರೋ ಎಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಗೌಸ್‌ಸಾಬ್ ಸಾಕ್ಷಿಯ ಜಾಗದಲ್ಲಿ ಉರ್ದುವಿನಲ್ಲಿ ಸಹಿ ಹಾಕಿದರು. ಬದನೆ ಬಣ್ಣದ ಕಾರು ಗುಂಯ್ಯೆಂದು ರಾಯಚೂರಿನ ದಾರಿ ಹಿಡಿಯಿತು, ಖಾಲಿ ಜೀಪನ್ನು ಡ್ರೈವರ್ ಹಿಂದೆ ಓಡಿಸಿಕೊಂಡು ಹೋದ. ಯಮನೂರಮ್ಮ ಕಣ್ಣೊರೆಸಿಕೊಂಡಳು. ಹುರಿಯನ್ನು ಗ್ಯಾರೇಜಿನ ನಡುಗಂಬಕ್ಕೆ ಮೂರು ಸುತ್ತು ಕಟ್ಟಿದಳು.

ಮಸ್ಕಿ ಬಸ್ಸಿಗೆ ಬಿಡಲು ಹೋದಾಗ ಮಾನಪ್ಪ ಗೌಸ್‌ಸಾಬರ ಎರಡೂ ಕೈ ಹಿಡಿದುಕೊಂಡ. “ನಿಮ್ಮ ಉಪಕಾರ ಹೆಂಗ ತೀರಿಸ್ಲಿ ದಫೇದಾರ್ರ? ಗಾಡಿ ಹೋದ್ರ ಹೋಗಲಿ. ಖಾದರನ್ನ ನನಗ ಹಿಡಿದು ಕೊಟ್ರಿ.”

“ನಾ ಏನೂ ಮಾಡಿಲ್ಲಪಾ. ಪಾನಾ ಒರೆಸಿ ಮೊಳಿಗೆ ಹಾಕಿದಾಕಿಗೆ ಹೇಳು. ಮತ್ತ ನಾಳಿಯಿಂದ ನೀವೂ ಹಾಕ್ರಿ.”

ಮೇ ತಿಂಗಳ ಕೊನೆಗೆ ಖಾದರಬಾಷಾ ಹೈದರಾಬಾದಿನಿಂದ ಬಂದ. ಪಟ್ಟಿ ಬಿಚ್ಚಿತ್ತು, ಕರಿ ಕನ್ನಡಕ ಹಾಕಿದ್ದ. ಕಣ್ಣು ಕಾಣುತ್ತದೆಯೇ ಎಂದು ಕೇಳಲು ಎಲ್ಲರಿಗೂ ಹೆದರಿಕೆ. ಅವನು ಗ್ಯಾರೇಜಿನ ನಡುವೆ ನಿಂತು ಕನ್ನಡಕ ತೆಗೆದ. ಬಲಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡ. ಎಡಗಣ್ಣಿನಿಂದ ನಡುಗಂಬವನ್ನು ನೋಡಿದ.

ಮಾನಪ್ಪ ಕೈಯಲ್ಲಿದ್ದ ಪಾನಾ ಒರೆಸಿ ಮೊಳೆಗೆ ಹಾಕಿದ.

“ಯಮನೂರವ್ವ,” ಎಂದ ಖಾದರಬಾಷಾ, “ಮ್ಯಾಲಿನ ಸುತ್ತಿನ್ಯಾಗ ಒಂದು ಎಳಿ ಬಿಚ್ಯಾದ ನೋಡು. ಹೊಸಿ.”